ಮೂಲ ಬೆಲೆಗೆ ಸಿಕ್ಕ ಡಿಫೆಂಡರ್

2024ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಹಾಕಿ ಇಂಡಿಯಾ ಲೀಗ್‌ನ ಹರಾಜು ನಡೆದಾಗ ಅತಿ ಹೆಚ್ಚು ಬೆಲೆಗೆ ಹೋದವರು ಹರ್ಮನ್‌ಪ್ರೀತ್ ಸಿಂಗ್. ಸೂರ್ಮಾ ಹಾಕಿ ಕ್ಲಬ್ ಅವರಿಗೆ 78 ಲಕ್ಷ ರೂಪಾಯಿ ಕೊಟ್ಟಿತು. ವಿದೇಶಿಯರಲ್ಲಿ ಮುಂದಿದ್ದವರು ಜರ್ಮನಿಯ ಗೊಂಜಾಲೊ ಪೆಯಾಟ್. ಹೈದರಾಬಾದ್ ತೂಫಾನ್ಸ್ ಅವರನ್ನು 68 ಲಕ್ಷಕ್ಕೆ ಕೊಂಡಿತು. ಇಬ್ಬರೂ ಡಿಫೆಂಡರ್‌ಗಳು. ಪಟ್ಟಿಯನ್ನು ಮೇಲ್ಮೇಲೆ ನೋಡಿದವರು, ಅಂತೂ ಹಿಂದೆ ನಿಂತು ಕಾಯುವವನಿಗೂ ಕಾಲ ಬಂತು ಎಂದು ಸಂತೋಷಪಟ್ಟಾರು. ನಾನು ಪಡಲಿಲ್ಲ. ಈ ದುಡ್ಡು ಕಾಯುವುದಕ್ಕೆ ಬಂದದ್ದಲ್ಲ, ಹೊಡೆಯುವುದಕ್ಕೆ ಬಂದದ್ದು.

ಹರ್ಮನ್‌ಪ್ರೀತ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10 ಗೋಲು ಹೊಡೆದವರು. ಪೆಯಾಟ್ 2016ರಲ್ಲಿ ರಿಯೊದಲ್ಲಿ, ಆಗಿನ್ನೂ ಅರ್ಜೆಂಟೀನಾ ಪರವಾಗಿ ಆಡುತ್ತಿದ್ದಾಗ, 11 ಗೋಲು ಹೊಡೆದು ತಂಡಕ್ಕೆ ಚಿನ್ನ ತಂದವರು. ಇಬ್ಬರೂ ಪೆನಾಲ್ಟಿ ಕಾರ್ನರ್‌ನ ಡ್ರ್ಯಾಗ್ ಫ್ಲಿಕ್‌ನಲ್ಲಿ, ಅಂದರೆ ಚೆಂಡನ್ನು ಕೋಲಿನಿಂದ ಎಳೆದು ಗೋಲಿಗೆ ಎಸೆಯುವುದರಲ್ಲಿ, ಪಳಗಿದವರು. ನಮ್ಮ ಕೊಡಗಿನ ಉದಾಹರಣೆಯೂ ಇದಕ್ಕೆ ಹೊರತಲ್ಲ. ಇದೇ ಲೀಗ್‌ನ 2013ರ ಮೊದಲ ಆವೃತ್ತಿಗೆ ಹರಾಜು ಕೂಗಿದಾಗ ಉತ್ತರ ಪ್ರದೇಶ ವಿಜಾರ್ಡ್ಸ್ ತಂಡ ವಿ.ಆರ್. ರಘುನಾಥ್ ಅವರಿಗೆ 76 ಸಾವಿರ ಡಾಲರ್ ಕೊಟ್ಟಿತ್ತು. ರಘುನಾಥ್ ಆಜಾನುಬಾಹು, ಒಳ್ಳೆಯ ಫುಲ್‌ಬ್ಯಾಕ್. ಆದರೆ ಬೆಲೆ ಏರಿಸಿದ್ದು ಅವರ ಫ್ಲಿಕ್. ಡಿಫೆಂಡರ್‌ಗಳ ಪೈಕಿ ಮೊದಲ ಸಾಲಿನ ಬೆಲೆ ಫ್ಲಿಕ್ ಹೊಡೆಯುವವರಿಗೆ, ಎರಡನೆಯ ಸಾಲಿನದು ಭಾರತ ತಂಡದ ಅಂಗಿ ತೊಟ್ಟವರಿಗೆ. ಇವೆರಡೂ ಇಲ್ಲದೆ, ಎದುರಾಳಿಯ ಕೋಲಿನಿಂದ ಚೆಂಡು ಬಿಡಿಸುವುದನ್ನಷ್ಟೇ ಚೆನ್ನಾಗಿ ಬಲ್ಲವನಿಗೆ ಉಳಿಯುವುದು ಮೂಲ ಬೆಲೆ. 2024ರಲ್ಲಿ ಆ ಮೂಲ ಬೆಲೆಯ ಮೆಟ್ಟಿಲುಗಳು ಮೂರು: 10 ಲಕ್ಷ, 5 ಲಕ್ಷ, 2 ಲಕ್ಷ.

ನಾನು ಮಾತಾಡಹೊರಟಿರುವುದು ಆ ಕೊನೆಯ ಮೆಟ್ಟಿಲಿನ ಮೇಲೆ ನಿಂತವನ ಬಗ್ಗೆ. ಅವನು ಕುಳ್ಳನೂ ಆಗಿದ್ದರೆ ಅವನನ್ನು ತೆಗೆದುಕೊಂಡ ತಂಡದ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ಲೆಕ್ಕ ಭರ್ತಿ ಮಾಡಲು ಒಬ್ಬನನ್ನು ಹಾಕಿಕೊಂಡರು ಎನ್ನುವುದು ಒಂದು. ಪಾಪ, ಹುಡುಗನಿಗೆ ಒಂದು ಅವಕಾಶ ಕೊಟ್ಟರು ಎನ್ನುವುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದು ಆಟ ತಿಳಿಯದ ಮಾತು, ಎರಡನೆಯದು ವ್ಯವಹಾರ ತಿಳಿಯದ ಮಾತು.

ವ್ಯವಹಾರವನ್ನೇ ಮೊದಲು ನೋಡೋಣ. ಪ್ರತಿ ಪುರುಷರ ತಂಡಕ್ಕೆ ಆ ಹರಾಜಿನಲ್ಲಿದ್ದ ಗಂಟು 4 ಕೋಟಿ. ಆ ದುಡ್ಡಿನಲ್ಲಿ 24 ಆಟಗಾರರನ್ನು ತುಂಬಿಸಿಕೊಳ್ಳಬೇಕು: ಭಾರತದವರು 16 ಮಂದಿ, ಅವರಲ್ಲಿ ನಾಲ್ವರು ಜೂನಿಯರ್‌ಗಳು, ವಿದೇಶಿಯರು ಎಂಟು. ಒಬ್ಬನಿಗೇ 78 ಲಕ್ಷ ಕೊಟ್ಟರೆ ಉಳಿಯುವುದು 3 ಕೋಟಿ 22 ಲಕ್ಷ, ಅಂದರೆ ಉಳಿದ 23 ಮಂದಿಗೆ ಸರಾಸರಿ 14 ಲಕ್ಷ. ಅದರಲ್ಲಿ ಒಳ್ಳೆಯ ಗೋಲ್‌ಕೀಪರ್ ಬೇಕು, ಯುರೋಪಿನ ಒಬ್ಬ ಮಿಡ್‌ಫೀಲ್ಡರ್ ಬೇಕು, ಓಡುವ ಒಬ್ಬ ಫಾರ್ವರ್ಡ್ ಬೇಕು. ದೊಡ್ಡ ಹೆಸರಿಗೆ ಕೈಬಿಚ್ಚಿ ಕೊಡಬೇಕೆಂದರೆ ಎಲ್ಲೋ ಕೆಲವರು 2 ಲಕ್ಷಕ್ಕೇ ಸಿಗಬೇಕು. ಮೂಲ ಬೆಲೆಯವನು ಸಿಗುವುದರಿಂದಲೇ ದೊಡ್ಡ ಬೆಲೆಯವನು ಸಾಧ್ಯವಾಗುತ್ತಾನೆ. ಇದರಲ್ಲಿ ದಯೆಯ ಪ್ರಶ್ನೆ ಎಲ್ಲಿಂದ ಬಂತು? ಇಲ್ಲಿ ಶನಿವಾರಸಂತೆಯಲ್ಲಿ ವಾರದ ಸಂತೆ ಏಳುವ ಹೊತ್ತಿಗೆ ಉಳಿದ ತರಕಾರಿಯನ್ನು ಗುಡ್ಡೆ ಹಾಕಿ ಒಂದೇ ದರಕ್ಕೆ ಕೂಗುತ್ತಾರೆ. ಆಗ ಹೋಗಿ ಕೊಳ್ಳುವ ಹೋಟೆಲಿನವನು ಯಾರಿಗೂ ಉಪಕಾರ ಮಾಡುತ್ತಿರುವುದಿಲ್ಲ, ಗುಡ್ಡೆಯೊಳಗೆ ಏನಿದೆ ಎಂದು ಅವನಿಗೆ ಗೊತ್ತಿರುತ್ತದೆ. ಹರಾಜಿನ ಕೊನೆಯ ಸುತ್ತುಗಳಲ್ಲಿ ಜಾಣ ಕೋಚ್ ಮಾಡುವುದೂ ಅದನ್ನೇ.

ಇನ್ನು ಆಟ. ಹೆಚ್ಚುವರಿ ಡಿಫೆಂಡರ್ ಒಬ್ಬ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ದೇಶವೇ ಕಣ್ಣಾರೆ ಕಂಡಿದೆ. 2024ರ ಆಗಸ್ಟ್ 4, ಪ್ಯಾರಿಸ್, ಬ್ರಿಟನ್ ವಿರುದ್ಧ ಕ್ವಾರ್ಟರ್ ಫೈನಲ್. 17ನೇ ನಿಮಿಷದಲ್ಲಿ ಡಿಫೆಂಡರ್ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ 43 ನಿಮಿಷ ಭಾರತ ಹತ್ತೇ ಮಂದಿಯಲ್ಲಿ ಆಡಿ 1-1ರಲ್ಲಿ ಹಿಡಿದು ನಿಲ್ಲಿಸಿತು, ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತು. ಮರುದಿನದ ಪತ್ರಿಕೆಗಳ ತುಂಬ ಗೋಲ್‌ಕೀಪರ್ ಶ್ರೀಜೇಶ್, ಸಲ್ಲಬೇಕಾದ್ದೇ. ಆದರೆ ಲೆಕ್ಕ ಬಾಕಿಯಿತ್ತು. ರೋಹಿದಾಸ್‌ಗೆ ಒಂದು ಪಂದ್ಯದ ನಿಷೇಧ ಬಿತ್ತು. ಒಲಿಂಪಿಕ್ ತಂಡದಲ್ಲಿ ಹದಿನಾರೇ ಮಂದಿ. ಆಗಸ್ಟ್ 6ರ ಸೆಮಿಫೈನಲ್‌ನಲ್ಲಿ ಜರ್ಮನಿಯ ಎದುರು ಭಾರತ ಹದಿನೈದು ಮಂದಿಯನ್ನಿಟ್ಟುಕೊಂಡು ಇಳಿಯಿತು. ಪೆನಾಲ್ಟಿ ಕಾರ್ನರ್ ಕಾಯುವಾಗ ಎಲ್ಲರಿಗಿಂತ ಮೊದಲು ಫ್ಲಿಕ್‌ಗೆ ಎದುರಾಗಿ ನುಗ್ಗುವ ಕೆಲಸ ರೋಹಿದಾಸರದ್ದು. ಅವರಿಲ್ಲದ ದಿನ ಜರ್ಮನಿಯ ಮೊದಲ ಗೋಲು ಪೆಯಾಟ್ ಕೋಲಿನಿಂದ ಪೆನಾಲ್ಟಿ ಕಾರ್ನರ್‌ನಲ್ಲಿ ಬಂತು, ಎರಡನೆಯದು ಪೆನಾಲ್ಟಿ ಸ್ಟ್ರೋಕ್‌ನಲ್ಲಿ. ಭಾರತ 3-2ರಿಂದ ಸೋತಿತು. ರೋಹಿದಾಸ್ ಇದ್ದಿದ್ದರೆ ಗೆಲ್ಲುತ್ತಿತ್ತು ಎಂದು ನಾನು ಪಣ ಕಟ್ಟುವುದಿಲ್ಲ. ಆದರೆ ಗೋಲು ಹೊಡೆಯುವವನಿಗೆ 68 ಲಕ್ಷದ ಬೆಲೆ ಕಟ್ಟುವ ಮಾರುಕಟ್ಟೆ, ಅದೇ ಹೊಡೆತಕ್ಕೆ ಮೈಯೊಡ್ಡಿ ಓಡುವವನ ಬದಲಿ ಆಟಗಾರನಿಗೆ ಎಷ್ಟು ಕಟ್ಟಬೇಕು ಎಂದು ಒಂದು ಸಲವಾದರೂ ಕೇಳಿಕೊಳ್ಳಬೇಕಲ್ಲ.

ಆ ಓಟ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡದವರಿಗೆ ಹೇಳುತ್ತೇನೆ. ಗೋಲ್‌ಕೀಪರ್ ಸೇರಿ ಐವರು ಗೋಲಿನ ಗೆರೆಯ ಹಿಂದೆ ನಿಲ್ಲುತ್ತಾರೆ. ಮುಖಕ್ಕೆ ಮುಖವಾಡ, ಮೊಣಕಾಲಿಗೆ ಪ್ಯಾಡು, ಎಡಗೈಗೆ ದಪ್ಪ ಗ್ಲೌಸು. ಎದುರಾಳಿ ಹಿಂಬದಿಯ ಗೆರೆಯಿಂದ ಚೆಂಡನ್ನು ತಳ್ಳಿದ ಕ್ಷಣ ಮೊದಲನೆಯವನು ಹಾರುತ್ತಾನೆ. ಗೋಲಿನ ಮುಂದಿನ ಅರ್ಧವೃತ್ತವಾದ ‘ಡಿ’ಯ ತುದಿ ಗೋಲಿನಿಂದ 14.63 ಮೀಟರ್. ಅಲ್ಲಿ ಚೆಂಡು ನಿಂತು, ಫ್ಲಿಕ್ ಮಾಡುವವನ ಕೋಲು ಅದನ್ನು ಎಳೆದು ಎಸೆಯುವಷ್ಟರಲ್ಲಿ ಇವನು ಅರ್ಧ ದಾರಿಗಿಂತ ಹೆಚ್ಚು ಸವೆಸಿರಬೇಕು. ನೇರ ಓಡಿದರೆ ಗೋಲ್‌ಕೀಪರ್‌ನ ಕಣ್ಣಿಗೆ ಅಡ್ಡ. ಹಾಗಾಗಿ ಒಂದು ಬದಿಯನ್ನು ತಾನು ಮುಚ್ಚಿ, ಇನ್ನೊಂದನ್ನು ಕೀಪರ್‌ಗೆ ಬಿಟ್ಟು ಓಡಬೇಕು. ಚೆಂಡು ತೊಡೆಗೆ ಬಡಿದರೆ ಅದೃಷ್ಟ, ಅದಕ್ಕಿಂತ ಒಳಗೆ ಬಡಿದರೆ ಆಸ್ಪತ್ರೆ. ಇಲ್ಲಿ ಎತ್ತರದ ಪಾತ್ರ ಎಷ್ಟು? ಮೊದಲ ನಾಲ್ಕು ಹೆಜ್ಜೆಯ ಬಿರುಸು, ಹೆದರದ ಎದೆ, ಸರಿಯಾದ ಗೆರೆ, ಇಷ್ಟೇ ಬೇಕಾದ್ದು. ಈ ಮೂರನ್ನೂ ಅಳತೆಪಟ್ಟಿ ಹೇಳುವುದಿಲ್ಲ.

ಮೈದಾನದ ಬೇರೆಡೆಯೂ ಹಾಗೇ. ಹಾಕಿಯ ಕೋಲಿನ ಚಪ್ಪಟೆ ಮುಖ ಎಡಗಡೆ ಮಾತ್ರ, ಎಡಗೈಯವರಿಗೆಂದು ಬೇರೆ ಕೋಲು ಇಲ್ಲ. ಆದ್ದರಿಂದ ಒಳ್ಳೆಯ ಡಿಫೆಂಡರ್ ಎದುರಾಳಿಯನ್ನು ಅವನ ಎಡಕ್ಕೆ, ಅಂದರೆ ತನ್ನ ಬಲಕ್ಕೆ, ತಳ್ಳುತ್ತ ಹೋಗುತ್ತಾನೆ. ಅಲ್ಲಿ ಎದುರಾಳಿಯ ಕೋಲು ತಿರುವುಮುರುವು, ಇವನದು ಸಲೀಸು. ಒಮ್ಮೆಲೇ ಮೇಲೆ ಬೀಳುವುದಿಲ್ಲ. ಹಿಂದೆ ಸರಿಯುತ್ತ, ಒಂಟಿಗೈಯಲ್ಲಿ ಕೋಲು ಚುಚ್ಚಿ ಚುಚ್ಚಿ ಎಳೆದು, ಬದಿಯ ಗೆರೆಯವರೆಗೂ ತಳ್ಳಿ ಕೊನೆಗೆ ಕೋಲನ್ನು ನೆಲಕ್ಕೆ ಮಲಗಿಸುತ್ತಾನೆ. ಕೋಲು ನೆಲಕ್ಕೆ ಮಲಗಬೇಕಾದರೆ ಮೈಯೂ ತಗ್ಗಬೇಕು. ಆರಡಿಯವನು ತಗ್ಗುವಷ್ಟರಲ್ಲಿ ಐದೂಕಾಲು ಅಡಿಯವನು ಚೆಂಡು ಎತ್ತಿಕೊಂಡು ಹೋಗಿರುತ್ತಾನೆ. ಮೈಗೆ ಮೈ ತಾಗಿಸಿ ಬೀಳಿಸುವುದು ನಮ್ಮ ಹಾಕಿಯಲ್ಲಿ ಫೌಲು. ಭಾರ ಉಪಯೋಗಕ್ಕೆ ಬರುವ ದಾರಿಯನ್ನೇ ನಿಯಮ ಮುಚ್ಚಿದೆ.

ಐಸ್ ಹಾಕಿಯ ಕತೆ ಬೇರೆ. ಅಲ್ಲಿ ಚೆಂಡಿನ ಬದಲು ‘ಪಕ್’ ಎಂಬ ಬಿಲ್ಲೆ. ಅದು ಯಾರ ಬಳಿ ಇದೆಯೋ ಅವನಿಗೆ ಭುಜ ಕೊಟ್ಟು ಗೋಡೆಗೆ ಅಪ್ಪಳಿಸುವುದು ಆಟದ ಭಾಗವೇ. ಅಲ್ಲಿ ಕುಳ್ಳ ಡಿಫೆಂಡರ್ ಎಂದರೆ ಕೋಚ್ ಹಣೆ ಚಚ್ಚಿಕೊಳ್ಳುವುದಕ್ಕೆ ಒಂದು ಅರ್ಥವಿದೆ. ಆದರೂ ಅಲ್ಲಿಯೇ ಜೇರೆಡ್ ಸ್ಪರ್ಜನ್ ಎಂಬ ಐದು ಅಡಿ ಒಂಬತ್ತು ಇಂಚಿನ ಡಿಫೆಂಡರ್ ಇದ್ದಾರೆ. 2008ರಲ್ಲಿ, ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಅವರನ್ನು 156ನೆಯವರಾಗಿ ಆರಿಸಿ, ಆಮೇಲೆ ಒಪ್ಪಂದವನ್ನೇ ಮಾಡಿಕೊಳ್ಳದೆ ಕೈಬಿಟ್ಟಿತು. 2010ರಲ್ಲಿ ಮಿನೆಸೋಟ ವೈಲ್ಡ್ ತಂಡದ ಶಿಬಿರಕ್ಕೆ ಪರೀಕ್ಷೆಯ ಮೇಲೆ ಹೋದರು, ಹೊಸಬರಿಗೆ ಕೊಡುವ ಕಡಿಮೆ ದರದ ಒಪ್ಪಂದ ಸಿಕ್ಕಿತು. 2021ರಲ್ಲಿ ಅದೇ ತಂಡದ ನಾಯಕರಾದರು. ಭುಜಕ್ಕೆ ಭುಜ ಕೊಡುವ ಆಟದಲ್ಲೇ ಇದು ಸಾಧ್ಯವಾದರೆ, ಮೈ ತಾಗಿಸಿದರೆ ಸೀಟಿ ಊದುವ ಆಟದಲ್ಲಿ ನಾವು ಎತ್ತರವನ್ನು ಹಿಡಿದುಕೊಂಡು ಕೂತಿರುವುದೇಕೆ?

ಇದಕ್ಕೆ ತರಬೇತುದಾರರು ಕೊಡುವ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹುಲ್ಲಿನ ಮೈದಾನ ಹೋಗಿ ಟರ್ಫ್ ಬಂದ ಮೇಲೆ (ಒಲಿಂಪಿಕ್ಸ್‌ನಲ್ಲಿ 1976ರ ಮಾಂಟ್ರಿಯಲ್‌ನಿಂದ) ಚೆಂಡಿನ ವೇಗ ಬದಲಾಯಿತು. ಸರ್ರನೆ ಹಾದುಹೋಗುವ ಪಾಸನ್ನು ಅರ್ಧದಲ್ಲಿ ತಡೆಯಲು ಉದ್ದ ಕೈ, ಉದ್ದ ಕಾಲು ಬೇಕು. 1990ರ ದಶಕದಲ್ಲಿ ಆಫ್‌ಸೈಡ್ ಹೋದದ್ದರಿಂದ ಎದುರಾಳಿ ಫಾರ್ವರ್ಡ್ ಗೋಲಿನ ಬಾಯಲ್ಲೇ ಬಿಡಾರ ಹೂಡಬಹುದು, ಅವನನ್ನು ಕಾಯಲು ವಿಸ್ತಾರವಾದ ಮೈ ಅನುಕೂಲ. ತಲೆಯ ಮೇಲಿಂದ ಎತ್ತಿ ಹೊಡೆಯುವ ಓವರ್‌ಹೆಡ್ ಪಾಸುಗಳೂ ಹೆಚ್ಚಾಗಿವೆ. ಇವೆಲ್ಲ ನಿಜ. ಇಬ್ಬರು ಸಮಾನ ಆಟಗಾರರಲ್ಲಿ ಎತ್ತರದವನನ್ನು ಆರಿಸಿದರೆ ನನ್ನ ತಕರಾರಿಲ್ಲ. ನನ್ನ ತಕರಾರು, ಸಮಾನರೋ ಅಲ್ಲವೋ ಎಂದು ನೋಡುವ ಮೊದಲೇ ಎತ್ತರ ಅಳೆಯುವುದರ ಬಗ್ಗೆ.

ಯಾಕೆಂದರೆ ಈ ಜರಡಿ ಹರಾಜಿನಲ್ಲಿ ಹಿಡಿಯುವುದಲ್ಲ. ಹರಾಜಿಗೆ ಬರುವ ಹೊತ್ತಿಗೆ ಆಟಗಾರನ ವಯಸ್ಸು ಇಪ್ಪತ್ತರ ಆಸುಪಾಸಿನಲ್ಲಿರುತ್ತದೆ, ಅವನ ಕೈಚಳಕದ ವಿಡಿಯೊ ಎಲ್ಲ ತಂಡಗಳ ಬಳಿ ಇರುತ್ತದೆ. ಜರಡಿ ಹಿಡಿಯುವುದು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ, ಕ್ರೀಡಾ ಶಾಲೆ, ಕ್ರೀಡಾ ವಸತಿ ನಿಲಯಗಳ ಆಯ್ಕೆಯಲ್ಲಿ. ಸೋಮವಾರಪೇಟೆ ತಾಲ್ಲೂಕಿನ ಹುಡುಗನಿಗೆ ಹಾಕಿಯಲ್ಲಿ ಮುಂದೆ ಬರಲು ಇರುವ ದಾರಿ ಕೂಡಿಗೆ, ಪೊನ್ನಂಪೇಟೆ, ಮಡಿಕೇರಿಯ ಬಾಗಿಲುಗಳ ಮೂಲಕ. ಅಲ್ಲಿ ಆಟ ನೋಡುತ್ತಾರೆ, ಜೊತೆಗೆ ಎತ್ತರ ತೂಕವನ್ನೂ ಬರೆದುಕೊಳ್ಳುತ್ತಾರೆ. ಆ ವಯಸ್ಸಿನಲ್ಲಿ ಎತ್ತರ ಎಂದರೆ ಎಷ್ಟೋ ಸಲ ಹುಟ್ಟಿದ ತಿಂಗಳು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ವಯೋಮಿತಿಯಲ್ಲಿ ನಿಂತಾಗ ನಡುವೆ ಹನ್ನೊಂದು ತಿಂಗಳ ಅನ್ನ ನೀರಿನ ವ್ಯತ್ಯಾಸವಿರುತ್ತದೆ. ಇದನ್ನು ಅಂಕಿ ಅಂಶ ಹಿಡಿದು ತೋರಿಸಿದವರು ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್‌ಸ್ಲಿ ಮತ್ತು ಸಂಗಡಿಗರು, 1985ರಲ್ಲಿ. ಅದೂ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಇಟ್ಟುಕೊಂಡು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಮೇಲಿನ ತಂಡಗಳಲ್ಲಿ ಕಿಕ್ಕಿರಿದಿದ್ದರು. ಬೇಗ ಬೆಳೆದವನು ಆಯ್ಕೆಯಾಗುತ್ತಾನೆ, ಆಯ್ಕೆಯಾದವನಿಗೆ ಒಳ್ಳೆಯ ತರಬೇತಿ ಸಿಗುತ್ತದೆ, ತರಬೇತಿ ಸಿಕ್ಕವನು ನಿಜಕ್ಕೂ ಮುಂದಾಗುತ್ತಾನೆ. ಆಮೇಲೆ ನಮ್ಮ ಆಯ್ಕೆ ಸರಿಯಿತ್ತು ನೋಡಿ ಎಂದು ಆಯ್ಕೆದಾರರು ಬೆನ್ನು ತಟ್ಟಿಕೊಳ್ಳುತ್ತಾರೆ.

ಉತ್ತರ ಕೊಡಗಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹಿಡಿದರೆ ಶಾಲೆಯ ಮೈದಾನ ಗದ್ದೆಯಾಗುತ್ತದೆ. ವರ್ಷದ ಕಾಲುಭಾಗ ಕೋಲು ಅಟ್ಟ ಸೇರುತ್ತದೆ. ಟರ್ಫ್ ಇರುವ ಕಡೆಯ ಹುಡುಗ ಆ ಹೊತ್ತಿನಲ್ಲೂ ಆಡಿರುತ್ತಾನೆ. ಮೊದಲೇ ಸಣ್ಣಗಿರುವವನು ಕೈಚಳಕದಲ್ಲೂ ಒಂದು ಮಳೆಗಾಲ ಹಿಂದೆ ಬೀಳುತ್ತಾನೆ.

ಕೊಡಗಿನ ಹಾಕಿ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕೊಡವ ಕುಟುಂಬಗಳ ಹಾಕಿ ಹಬ್ಬ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಡನೆ ಆರಂಭಿಸಿದ್ದು 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡಗಳಾಗಿ ಗಿನ್ನೆಸ್ ದಾಖಲೆ ಸೇರಿತು. ಅಲ್ಲಿ ಹರಾಜಿಲ್ಲ. ಒಂದು ಒಕ್ಕದವರೇ, ಅಂದರೆ ಒಂದು ಕುಟುಂಬದವರೇ, ಒಂದು ತಂಡ. ಚಿಕ್ಕಪ್ಪನ ಮಂಡಿ ನೋಯುತ್ತಿದೆ ಎಂದು ಪಕ್ಕದ ಒಕ್ಕದ ಗಟ್ಟಿಮುಟ್ಟಾದ ಹುಡುಗನನ್ನು ಕರೆತರುವಂತಿಲ್ಲ. ಹಾಗಾಗಿ ಹೈಸ್ಕೂಲು ಹುಡುಗಿ ಲೆಫ್ಟ್ ಬ್ಯಾಕ್ ಆಡುತ್ತಾಳೆ, ಐವತ್ತು ದಾಟಿದವರು ಅವಳ ಬದಿಯಲ್ಲಿ ನಿಲ್ಲುತ್ತಾರೆ. ಕುಳ್ಳ ಡಿಫೆಂಡರ್‌ನನ್ನು ಯಾರೂ ಹೊರಗಿಡದ ಏಕೈಕ ದೊಡ್ಡ ಟೂರ್ನಿ ಇದು ಎಂದರೂ ನಡೆಯುತ್ತದೆ. ಇದನ್ನು ನಾನು ಮೆಚ್ಚುತ್ತೇನೆ. ಆದರೆ ಈ ಹಬ್ಬವೇ ಕೊಡಗಿನ ಹಾಕಿ ಎಂದು ಹೊರಗಿನವರು ಬರೆಯುವಾಗ ಒಂದು ಕಸಿವಿಸಿ. ನಮ್ಮ ತಾಲ್ಲೂಕಿನ ಎಸ್.ವಿ. ಸುನಿಲ್ ಬಡಗಿಯೊಬ್ಬರ ಮಗ, ಬಿದಿರಿನ ಕೋಲು ಹಿಡಿದು ಆಟ ಕಲಿತವರು, ಎರಡು ಒಲಿಂಪಿಕ್ಸ್ ಆಡಿದವರು. ಅವರು ಒಕ್ಕದ ಬಲದಿಂದ ಬಂದವರಲ್ಲ. ಸೋಮವಾರಪೇಟೆಯವರೇ ಆದ ಅರ್ಜುನ್ ಹಾಲಪ್ಪ ಭಾರತ ತಂಡವನ್ನು ಮುನ್ನಡೆಸಿದರು. ಈ ಕಡೆಯ ಹುಡುಗರಿಗೆ ಶಾಲೆ, ಊರಿನ ಕ್ಲಬ್ಬು, ವಸತಿ ನಿಲಯ ಇವೇ ಏಣಿ. ಏಣಿಯ ಮೊದಲ ಮೆಟ್ಟಿಲಲ್ಲೇ ಅಳತೆಪಟ್ಟಿ ಹಿಡಿದು ನಿಂತರೆ ಅವರಿಗೆ ಹೋಗಲು ಬೇರೆ ಹಬ್ಬವಿಲ್ಲ.

ಅಗ್ಗದ ಒಪ್ಪಂದದ ವಿಷಯಕ್ಕೆ ಮರಳುತ್ತೇನೆ. ಹಿಂದಿನವರಿಗೆ ಒಪ್ಪಂದ ಎಂದರೆ ನೌಕರಿ. ಸೇನೆ, ರೈಲ್ವೆ, ಬ್ಯಾಂಕು, ತೈಲ ಕಂಪನಿ. 1980ರ ಮಾಸ್ಕೊ ಚಿನ್ನದ ತಂಡದಲ್ಲಿದ್ದ, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದ ಎಂ.ಎಂ. ಸೋಮಯ್ಯ ಭಾರತ್ ಪೆಟ್ರೋಲಿಯಂನಲ್ಲಿದ್ದರು. ರಘುನಾಥ್ ಇಂಡಿಯನ್ ಆಯಿಲ್‌ನಲ್ಲಿ. ಸಂಬಳ ದೊಡ್ಡದಿರಲಿ ಬಿಡಲಿ, ಮೊಣಕಾಲು ಕೈಕೊಟ್ಟರೂ ಮನೆ ನಡೆಯುತ್ತಿತ್ತು. ಲೀಗ್ ಒಪ್ಪಂದ ಹಾಗಲ್ಲ. 2024ರ ಡಿಸೆಂಬರ್ 28ಕ್ಕೆ ಆರಂಭವಾದ ಪುರುಷರ ಲೀಗ್ ಫೆಬ್ರವರಿ 1ಕ್ಕೆ ಮುಗಿಯಿತು. ಐದು ವಾರ. ಅದಕ್ಕಿಂತ ಹೆಚ್ಚಾಗಿ, ಲೀಗ್ ಇರುತ್ತದೆ ಎಂಬ ಭರವಸೆಯೇ ಇಲ್ಲ. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು. ಹಾಲಪ್ಪ ಮುನ್ನಡೆಸಿದ ಕರ್ನಾಟಕ ಲಯನ್ಸ್ ಎಂಬ ತಂಡವೂ ಇತ್ತು. ಒಂದೇ ಆವೃತ್ತಿಗೆ ಕತೆ ಮುಗಿಯಿತು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಬಂತು, 2017ರ ಆವೃತ್ತಿಯ ನಂತರ ನಿಂತಿತು, ಮತ್ತೆ ಶುರುವಾಗಲು ಏಳು ವರ್ಷ ಬೇಕಾಯಿತು. ದೊಡ್ಡ ಹೆಸರಿನವರಿಗೆ ಆ ಏಳು ವರ್ಷಗಳಲ್ಲಿ ಭಾರತ ತಂಡದ ಶಿಬಿರವಿತ್ತು, ನೌಕರಿಯಿತ್ತು. 2017ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿದ್ದ ಮೂಲ ಬೆಲೆಯ ಡಿಫೆಂಡರ್‌ಗೆ ಹೊಸ ಹರಾಜಿನ ಹೊತ್ತಿಗೆ ಇಪ್ಪತ್ತೆಂಟು. ಅವನ ಒಳ್ಳೆಯ ವರ್ಷಗಳು ಮಾರುಕಟ್ಟೆ ಬಾಗಿಲು ಹಾಕಿದ್ದಾಗ ಕಳೆದುಹೋದವು.

ಅದಲ್ಲದೆ 2024ರಲ್ಲಿ ಮತ್ತೆ ಶುರುವಾದ ಲೀಗ್‌ನ ಎಂಟು ಪುರುಷರ ತಂಡಗಳಲ್ಲಿ ಹೈದರಾಬಾದ್ ಇತ್ತು, ತಮಿಳುನಾಡು ಇತ್ತು, ಕರ್ನಾಟಕವಿರಲಿಲ್ಲ. ಬಿ.ಪಿ. ಗೋವಿಂದ, ಎಂ.ಪಿ. ಗಣೇಶ್ ಕಾಲದಿಂದ ದೇಶಕ್ಕೆ ಆಟಗಾರರನ್ನು ಕೊಟ್ಟ ಜಿಲ್ಲೆಯಿರುವ ರಾಜ್ಯಕ್ಕೆ ಒಂದು ತಂಡವಿರಲಿಲ್ಲ. ಊರಿನ ತಂಡವಿದ್ದರೆ ದೊಡ್ಡ ತಾರೆ ಯಾರಾದರೂ ಆಗಲಿ, ಹೆಚ್ಚುವರಿ ಡಿಫೆಂಡರ್ ಜಾಗಕ್ಕೆ ಮೊದಲು ಕಣ್ಣು ಬೀಳುವುದು ಹತ್ತಿರದ ಹುಡುಗನ ಮೇಲೆ. ದೂರದ ತಂಡಕ್ಕೆ ಅವನು ಪಟ್ಟಿಯ ಒಂದು ಸಾಲು.

ಐದು ವಾರಕ್ಕೆ 2 ಲಕ್ಷ ಕಡಿಮೆಯೇ ಎಂದು ಕೇಳುವವರಿದ್ದಾರೆ. ಕಾಫಿ ಕುಯ್ಲಿಗೆ ಹೋಗುವ ಮನೆಯಿಂದ ಬಂದ ಹುಡುಗನಿಗೆ ಅದು ಕಡಿಮೆಯಲ್ಲ, ಒಪ್ಪುತ್ತೇನೆ. ಮೂಲ ಬೆಲೆಯನ್ನು ಎರಡು ಪಟ್ಟು ಮಾಡಿ ಎಂದು ಕೂಗುವುದರಲ್ಲಿ ನನಗೆ ಆಸಕ್ತಿಯೂ ಇಲ್ಲ. ಹಾಗೆ ಮಾಡಿದರೆ ತಂಡಗಳು ಆ ಜಾಗಕ್ಕೆ ಪರಿಚಿತ ಹೆಸರನ್ನೇ ಹುಡುಕುತ್ತವೆ, ಅಪರಿಚಿತನಿಗಿದ್ದ ಸಂದಿಯೂ ಮುಚ್ಚುತ್ತದೆ. ಅಗ್ಗವಾಗಿರುವುದೇ ಅವನಿಗೆ ಒಳಗೆ ಬರಲು ಸಿಕ್ಕ ರಹದಾರಿ. ಸ್ಪರ್ಜನ್‌ಗೆ ಸಿಕ್ಕಿದ್ದೂ ಅಂಥದ್ದೇ. ಆದರೆ ಅವರಿಗೆ ಅದರ ಜೊತೆಗೆ ಸಿಕ್ಕಿದ್ದು ಆಟದ ನಿಮಿಷಗಳು.

ಹಾಗಾಗಿ ಕೇಳಬೇಕಾದ್ದು ರೂಪಾಯಿಯ ಲೆಕ್ಕವನ್ನಲ್ಲ, ನಿಮಿಷದ ಲೆಕ್ಕವನ್ನು. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಕಳಿಸಬಹುದು. ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್‌ಗಳಲ್ಲಿ ಒಬ್ಬನಿಗೆ ಏಳೆಂಟು ನಿಮಿಷ ಕೊಡುವುದು ಯಾವ ತಂಡಕ್ಕೂ ಭಾರವಲ್ಲ. ನಾಲ್ವರು ಜೂನಿಯರ್‌ಗಳನ್ನು ಕೊಳ್ಳಲೇಬೇಕು ಎಂಬ ನಿಯಮ ಮಾಡಿದವರು, ಕೊಂಡವರನ್ನು ಇಷ್ಟಾದರೂ ಆಡಿಸಬೇಕು ಎಂದು ಇನ್ನೊಂದು ಸಾಲು ಸೇರಿಸಬಹುದು. ಗೋಲುಗಳ ಪಟ್ಟಿಯ ಪಕ್ಕದಲ್ಲಿ ಬಿಡಿಸಿದ ಚೆಂಡುಗಳ, ತಡೆದ ಪೆನಾಲ್ಟಿ ಕಾರ್ನರ್‌ಗಳ, ಆಡಿದ ನಿಮಿಷಗಳ ಪಟ್ಟಿಯನ್ನೂ ಎಲ್ಲರಿಗೂ ಕಾಣುವಂತೆ ಹಾಕಬಹುದು. ಆಗ ಮುಂದಿನ ಹರಾಜಿನಲ್ಲಿ ಅವನ ಹೆಸರು ಕೂಗಿದಾಗ ಫಲಕ ಎತ್ತುವವರಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತದೆ. ಕೂಡಿಗೆಯಲ್ಲಿ ಎತ್ತರ ಬರೆದುಕೊಳ್ಳುವವರು ಅದರ ಪಕ್ಕದ ಕಾಲಂನಲ್ಲಿ ಹುಟ್ಟಿದ ತಿಂಗಳನ್ನು ಬರೆದು, ಡಿಸೆಂಬರ್‌ನವನನ್ನು ಇನ್ನೊಂದು ವರ್ಷ ಬಿಟ್ಟು ಮತ್ತೆ ಕರೆದು ನೋಡಲಿ. ಇದಕ್ಕೆ ಯಾವ ಪ್ರಾಯೋಜಕನೂ ಬೇಕಿಲ್ಲ.